ಎಲೆಕ್ಟಿವ್‌ಗೆ ಊರಿನ ಡಾಕ್ಟರ ಹತ್ತಿರ ಹೋದರೆ ಕಲಿಯೋದೇನು?

ಪ್ರಶ್ನೆ: ಸರ್, ನಮಸ್ಕಾರ. ನಾನು ಥರ್ಡ್ ಎಂಬಿಬಿಎಸ್ ಪಾರ್ಟ್ ಒನ್ ಪರೀಕ್ಷೆ ಬರೆದು ಕೂತಿದ್ದೇನೆ. ಊರು ಬನಹಟ್ಟಿ ಹತ್ತಿರ. ಅಪ್ಪನದು ಮಗ್ಗದ ಕೆಲಸ. ಈಗ ಎಲೆಕ್ಟಿವ್ (ನಾವೇ ಆರಿಸಿಕೊಂಡ ಕಡೆ ಕೆಲವು ವಾರ ಕೂತು ಕಲಿಯೋದು) ಆಯ್ಕೆ ಮಾಡಿ ಹೆಸರು ಕೊಡಬೇಕು. ಅದರ ಎರಡನೇ ಬ್ಲಾಕಿಗೆ, ಅಂದರೆ ಎರಡನೇ ಅವಧಿಗೆ, ಫ್ಯಾಮಿಲಿ ಮೆಡಿಸಿನ್ (ಕುಟುಂಬ ವೈದ್ಯರ ಶಾಸ್ತ್ರ) ಮಾಡಬೇಕೆಂಬ ಆಸೆ ನನಗೆ. ಕಾಲೇಜಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಗೆಳೆಯರೆಲ್ಲ ಕಾರ್ಡಿಯಾಲಜಿ, ರೇಡಿಯಾಲಜಿ, ಐಸಿಯು ಅಂತ ಬರೆದುಕೊಟ್ಟಾಗಿದೆ. ‘ನೆಗಡಿ-ಕೆಮ್ಮು ನೋಡೋಕೆ ಎಲೆಕ್ಟಿವ್ ಯಾಕೋ? ಲೈಬ್ರರಿಯಲ್ಲಿ ಕೂತು ನೀಟ್ ಪಿಜಿ ಪ್ರವೇಶ ಪರೀಕ್ಷೆಗೆ ಓದು’ ಅಂತಾರೆ ಸೀನಿಯರ್ ಒಬ್ಬರು. ಅಪ್ಪನಿಗೆ ಹೇಳಿದರೆ ‘ಇಷ್ಟ್ ಓದಿ ಕಡೀಕ ಊರಾಗಿನ ಸಣ್ಣ ಡಾಕ್ಟರ್ ಆಗ್ತೀಯೇನ?’ ಎಂದು ಬೇಜಾರು ಮಾಡಿಕೊಂಡರು. ನಮ್ಮೂರಲ್ಲಿ ಬಹಳ ವರ್ಷದಿಂದ ಇರುವ ಡಾಕ್ಟರೊಬ್ಬರು ‘ಬಾ, ಕಲಿಸ್ತೀನಿ’ ಅಂದಿದ್ದಾರೆ. ಪಕ್ಕದ ಊರಿನ ಇನ್ನೊಬ್ಬರು ‘ಬರೋದೇನೂ ಬೇಡ, ಸಹಿ ಹಾಕಿ ಕೊಡ್ತೀನಿ’ ಅಂದಿದ್ದಾರೆ. ಅಲ್ಲಿ ನಿಜಕ್ಕೂ ಕಲಿಯೋದು ಇದೆಯಾ? ಇದರಿಂದ ನನ್ನ ಪಿಜಿಗೆ ಪೆಟ್ಟು ಬೀಳುತ್ತಾ? ಹೋಗುವುದಾದರೆ ಎಲ್ಲಿಗೆ, ಏನು ತಯಾರಿ ಮಾಡಿಕೊಂಡು ಹೋಗಲಿ?

ಉತ್ತರ: ಮೊದಲು ಆ ಸಹಿ ಡಾಕ್ಟರ ಮಾತು ಮುಗಿಸಿಬಿಡೋಣ. ಬೇಡ. ಸಿಕ್ಕಿಬೀಳುವ ಭಯಕ್ಕೆ ಹೇಳುತ್ತಿಲ್ಲ, ಅದೂ ಇದೆ ಅನ್ನಿ. ಎಂಬಿಬಿಎಸ್‌ನ ಅಷ್ಟೂ ವರ್ಷಗಳಲ್ಲಿ ‘ನಿನಗೆ ಬೇಕಾದ್ದು ನೀನೇ ಆರಿಸಿಕೊ’ ಎಂದು ಯಾರಾದರೂ ಹೇಳುವುದು ಇದೊಂದೇ ಸಲ. ಅದನ್ನೂ ಸಹಿಗೆ ಮಾರಿಕೊಂಡರೆ ಹೇಗೆ?

ಈಗ ನಿಮ್ಮ ಪತ್ರ. ಅದನ್ನು ಎರಡು ಸಲ ಓದಿದೆ. ಪ್ರಶ್ನೆ ಮೂರು ಇದ್ದರೂ ಒಳಗಿನ ಆತಂಕ ಒಂದೇ ಅನ್ನಿಸಿತು. ‘ಎಲ್ಲರೂ ದೊಡ್ಡ ಕಡೆ ಹೋಗುವಾಗ ನಾನೊಬ್ಬನೇ ಸಣ್ಣ ಕಡೆ ಹೋಗಿ ಹಿಂದೆ ಬೀಳ್ತೀನಾ?’ ಅಲ್ವಾ? ನಾನು ಅಥಣಿ ಕಡೆಯ ಊರೊಂದರಲ್ಲಿ 22 ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಎಂಬಿಬಿಎಸ್ ಆದಮೇಲೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಎಂಬ ಪಿಜಿ ಮಾಡಿದವನು. ಎಲೆಕ್ಟಿವ್ ಶುರುವಾದಮೇಲೆ ಆಗೊಬ್ಬರು ಈಗೊಬ್ಬರು ವಿದ್ಯಾರ್ಥಿ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಹೋಗಿದ್ದಾರೆ. ಕೆಲವರು ತುಂಬ ಕಲಿತರು. ಇಬ್ಬರಂತೂ ಮೊಬೈಲ್ ನೋಡುತ್ತ ಕಾಲ ಕಳೆದರು. ಯಾಕೆ ಹೀಗೆ ಅಂತ ಯೋಚಿಸಿದ್ದೇನೆ. ಅದನ್ನೇ ಹೇಳುತ್ತೇನೆ.

ನಿಯಮದ ಮಾತು ಚಿಕ್ಕದು, ಆದರೆ ತಿಳಿದಿರಲಿ. ಸಾಮರ್ಥ್ಯ ಆಧಾರಿತ ಹೊಸ ಪಠ್ಯಕ್ರಮ ಬಂದದ್ದು 2019ರ ಬ್ಯಾಚಿನಿಂದ. ಎಲೆಕ್ಟಿವ್ ಬಂದದ್ದೂ ಅದರ ಜೊತೆಗೇ. ಪಾರ್ಟ್ ಒನ್ ಪರೀಕ್ಷೆ ಮುಗಿದು ಪಾರ್ಟ್ ಟೂ ಶುರುವಾಗುವ ನಡುವಿನ ಸಮಯ ಇದಕ್ಕೆ. ಮೊದಲಿನ ನಿಯಮದಲ್ಲಿ ತಿಂಗಳಿಗೊಂದರಂತೆ ಎರಡು ಬ್ಲಾಕ್ ಇತ್ತು. ಆಮೇಲಿನ ಮಾರ್ಗಸೂಚಿಯಲ್ಲಿ ಒಂದೊಂದು ಬ್ಲಾಕ್ ಎರಡೆರಡು ವಾರಕ್ಕೆ ಇಳಿಯಿತು. 2019ರ ನಿಯಮದಲ್ಲಿ ಎರಡನೇ ಬ್ಲಾಕಿನ ಬಗ್ಗೆ ಒಂದು ಸಾಲಿದೆ, ನಿಮಗೆ ಬೇಕಾದದ್ದು ಅದು: ಕಾಲೇಜು ಕೊಟ್ಟ ಪಟ್ಟಿಯಲ್ಲಿರುವ ಕ್ಲಿನಿಕಲ್ ವಿಭಾಗದಲ್ಲಿ ಮಾಡಬಹುದು, ಇಲ್ಲವೇ ಹಳ್ಳಿಯ ಅಥವಾ ಪಟ್ಟಣದ ಸಮುದಾಯ ಚಿಕಿತ್ಸಾಲಯದಲ್ಲಿ ಮೇಲ್ವಿಚಾರಕರ ಕೈಕೆಳಗೆ ಕಲಿಯಬಹುದು. ಅಂದರೆ ‘ಫ್ಯಾಮಿಲಿ ಮೆಡಿಸಿನ್ ವಿಭಾಗ ಇಲ್ಲ, ಹಾಗಾಗಿ ಆಗಲ್ಲ’ ಅನ್ನೋದು ಪೂರ್ತಿ ನಿಜವಲ್ಲ. ಬಾಗಿಲು ಇದೆ. ಆದರೆ ಅದರ ಕೀಲಿ ಕಾಲೇಜಿನ ಕೈಯಲ್ಲಿದೆ. ಯಾವ ಎಲೆಕ್ಟಿವ್, ಯಾರು ಮೇಲ್ವಿಚಾರಕರು, ಎಷ್ಟು ಜನ ಎನ್ನುವುದನ್ನು ಮೊದಲೇ ಗೊತ್ತು ಮಾಡುವುದು ಸಂಸ್ಥೆಯೇ. ನೀವಾಗಿಯೇ ಹೋಗಿ ಕೂತರೆ ಲೆಕ್ಕಕ್ಕೆ ಬರೋದಿಲ್ಲ. ಶೇಕಡಾ 75 ಹಾಜರಾತಿ ಬೇಕು. ಲಾಗ್‌ಬುಕ್, ಅಂದರೆ ಕಲಿತದ್ದರ ದಾಖಲೆ ಪುಸ್ತಕ, ಒಪ್ಪಿಸಬೇಕು. ಇವೆರಡೂ ಇಲ್ಲದಿದ್ದರೆ ಫೈನಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಬೇರೆ ಪೋಸ್ಟಿಂಗಿನ ಹಾಜರಾತಿ ಕೊರತೆಯನ್ನು ಈ ಸಮಯದಲ್ಲಿ ತುಂಬಿಸಿಕೊಳ್ಳುವ ಹಾಗೂ ಇಲ್ಲ.

ಇನ್ನು ನಿಮ್ಮ ಸೀನಿಯರ್ ಹೇಳಿದ ನೆಗಡಿ-ಕೆಮ್ಮು.

ಅವರ ಮಾತು ಅರ್ಧ ಸತ್ಯ. ನನ್ನ ಒಪಿಡಿಯಲ್ಲಿ (ಹೊರರೋಗಿಗಳನ್ನು ನೋಡುವ ಕಡೆ) ನೆಗಡಿ, ಕೆಮ್ಮು, ಜ್ವರ, ಬೇಧಿ ನಿಜಕ್ಕೂ ಜಾಸ್ತಿ. ಅವುಗಳ ಸಂಗಡ ಬಿಪಿ, ಶುಗರ್, ಮೊಣಕಾಲು ನೋವು. ಆದರೆ ರೋಗಿ ಒಳಗೆ ಬರುವಾಗ ಹಣೆಯ ಮೇಲೆ ‘ನೆಗಡಿ’ ಎಂದು ಬರೆದುಕೊಂಡು ಬರುವುದಿಲ್ಲ. ಅವರು ಬಂದು ಹೇಳುವುದು ‘ಅಶಕ್ತಿ ಆಗೇತ್ರಿ’. ಅಥವಾ ‘ಜೀವಾ ಒಂಥರಾ ಆಗತೈತ್ರಿ’. ನಿಮ್ಮ ಪುಸ್ತಕದಲ್ಲಿ ‘ಜೀವಾ ಒಂಥರಾ’ ಅನ್ನೋ ಅಧ್ಯಾಯ ಎಲ್ಲಿದೆ?

ಕಾಲೇಜಿನ ಕಾರ್ಡಿಯಾಲಜಿ ವಾರ್ಡಿನಲ್ಲಿ ಮಲಗಿರುವ ರೋಗಿಯನ್ನು ನೆನಪು ಮಾಡಿಕೊಳ್ಳಿ. ಅವನು ಅಲ್ಲಿಗೆ ಬಂದು ಮುಟ್ಟುವ ಮೊದಲು ಎಷ್ಟು ಜರಡಿ ದಾಟಿರುತ್ತಾನೆ! ಮೊದಲು ಮನೆಯವರು, ಆಮೇಲೆ ಊರಿನ ಡಾಕ್ಟರು, ಆಮೇಲೆ ತಾಲ್ಲೂಕು ಆಸ್ಪತ್ರೆ, ಕೊನೆಗೆ ಕ್ಯಾಶುವಾಲ್ಟಿ. ನಿಮ್ಮ ಮುಂದೆ ಬರುವಾಗ ಅವನ ಕಾಯಿಲೆಗೆ ಹೆಸರು ಬಿದ್ದಾಗಿರುತ್ತದೆ. ನೀವು ಕಲಿಯುವುದು ಹೆಸರು ಬಿದ್ದ ಮೇಲಿನ ಕಥೆ. ಆ ಹೆಸರು ಇಡೋದು ಹೇಗೆ, ಇಡೋಕೆ ಆಗದಿದ್ದಾಗ ಏನು ಮಾಡೋದು ಅನ್ನೋದನ್ನು ಅಲ್ಲಿ ಯಾರೂ ಕಲಿಸಲಾರರು. ಅವರ ತಪ್ಪಲ್ಲ ಅದು. ಅಲ್ಲಿಗೆ ಅಂಥ ರೋಗಿ ಬರುವುದೇ ಕಡಿಮೆ.

1961ರಲ್ಲಿ ಕೆರ್ ವೈಟ್ ಎಂಬ ಅಮೆರಿಕದ ವೈದ್ಯರು ತಮ್ಮ ಸಂಗಡಿಗರ ಜೊತೆ ಒಂದು ಲೆಕ್ಕ ಹಾಕಿದರು. ಸಾವಿರ ವಯಸ್ಕರನ್ನು ಒಂದು ತಿಂಗಳು ಗಮನಿಸಿದರೆ 750 ಜನರಿಗೆ ಏನಾದರೂ ಕಾಯಿಲೆ ಅಥವಾ ಗಾಯ ಆಗಿರುತ್ತದೆ. ಅವರಲ್ಲಿ ಡಾಕ್ಟರ ಹತ್ತಿರ ಹೋಗುವವರು 250. ಆಸ್ಪತ್ರೆಗೆ ದಾಖಲಾಗುವವರು 9. ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಗೆ ಮುಟ್ಟುವವನು ಒಬ್ಬ. ಒಬ್ಬನೇ! ಸುಮಾರು 40 ವರ್ಷ ಬಿಟ್ಟು ಇನ್ನೊಂದು ತಂಡ ಮತ್ತೆ ಲೆಕ್ಕ ಹಾಕಿದಾಗಲೂ ಹೆಚ್ಚು ಬದಲಾಗಿರಲಿಲ್ಲ. ಅದು ಹೊರದೇಶದ ಲೆಕ್ಕ, ನಮ್ಮ ಕಡೆ ಅಂಕಿ ಬೇರೆ ಇದ್ದೀತು. ಆದರೆ ನೀವು ಇಷ್ಟು ವರ್ಷ ಕಲಿತದ್ದು ಆ ಒಬ್ಬನನ್ನು ನೋಡಿ. ಉಳಿದ 249 ಜನ ನಮ್ಮಂಥವರ ಬೆಂಚಿನ ಮೇಲೆ ಕೂತಿರುತ್ತಾರೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಒಂದೇ ಲಕ್ಷಣಕ್ಕೆ ಎರಡು ಕಡೆ ಎರಡು ಅರ್ಥ. ನ್ಯೂರಾಲಜಿ ವಿಭಾಗಕ್ಕೆ ತಲೆನೋವು ಅಂತ ಬಂದವರಿಗೆ ಸ್ಕ್ಯಾನ್ ಮಾಡಿಸುವುದರಲ್ಲಿ ಅರ್ಥ ಇರಬಹುದು. ನನ್ನ ಹತ್ತಿರ ತಲೆನೋವು ಅಂತ ಬಂದವರಿಗೆಲ್ಲ ಸ್ಕ್ಯಾನ್ ಬರೆದರೆ ಊರೇ ಸಾಲ ಮಾಡಬೇಕಾದೀತು, ಸಿಗುವುದೂ ಏನಿಲ್ಲ. ಹಾಗಂತ ಯಾರಿಗೂ ಬರೆಯದೇ ಇದ್ದರೆ ಒಂದು ದಿನ ಒಬ್ಬರನ್ನು ಕಳೆದುಕೊಳ್ಳುತ್ತೇನೆ. ಈ ಎರಡರ ನಡುವೆ ನಡೆಯುವುದೇ ನಮ್ಮ ಕಸುಬು.

ಆ ದಾರಿಯಲ್ಲಿ ನಾನೂ ಜಾರಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಕಬ್ಬು ಕಟಾವಿನ ಕಾಲ. 52 ವರ್ಷದ ರೈತರೊಬ್ಬರು ಬಂದರು, ಶುಗರ್ ಇದ್ದವರು. ‘ಎದಿ ಉರೀತೈತ್ರಿ, ರಾತ್ರಿ ಮಿರ್ಚಿ ತಿಂದಿದ್ಯಾ’ ಎಂದರು. ಹೊರಗೆ ಬೆಂಚು ತುಂಬಿತ್ತು. ಗ್ಯಾಸ್ ಅಂದುಕೊಂಡು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದೆ. ಇಸಿಜಿ ಯಂತ್ರ ನನ್ನ ಮೇಜಿನಿಂದ ಮೂರು ಹೆಜ್ಜೆ ದೂರದಲ್ಲಿ, ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಸಂಜೆ ಅವರ ಮಗ ಓಡಿಬಂದ. ಅಪ್ಪ ಬೆವರುತ್ತಿದ್ದಾರೆ ಅಂದ. ಹೃದಯಾಘಾತ. ಆ ರಾತ್ರಿಯೇ ಮೀರಜಿಗೆ ಕಳಿಸಿದೆವು, ಉಳಿದರು. ಈಗಲೂ ತಿಂಗಳಿಗೊಮ್ಮೆ ಬಿಪಿ ಗುಳಿಗೆಗೆ ಬರುತ್ತಾರೆ. ಬಾಗಿಲಲ್ಲಿ ನಿಂತು ‘ಗ್ಯಾಸ್ ಡಾಕ್ಟ್ರು ಅದಾರೇನ್ರಿ?’ ಎಂದು ಕೇಳುತ್ತಾರೆ. ನಾನು ನಗುತ್ತೇನೆ. ಆದರೆ ಅವತ್ತಿನಿಂದ ಆ ಯಂತ್ರಕ್ಕೆ ಬಟ್ಟೆ ಮುಚ್ಚಿಲ್ಲ.

ಅವರು ಇನ್ನೂ ನನ್ನ ಹತ್ತಿರವೇ ಬರುತ್ತಾರೆ ಅನ್ನೋದನ್ನು ಗಮನಿಸಿ. ನಾನು ಹೇಳಬೇಕಾದ ಮುಖ್ಯ ಮಾತು ಅಲ್ಲೇ ಇದೆ. ಫ್ಯಾಮಿಲಿ ಮೆಡಿಸಿನ್ ಅಂದರೆ ಸಣ್ಣ ಕಾಯಿಲೆಗಳ ಶಾಸ್ತ್ರ ಅಲ್ಲ. ತಿರುಗಿ ಬರುವ ರೋಗಿಯ ಶಾಸ್ತ್ರ. ನಮ್ಮ ಕೈಯಲ್ಲಿ ಎಂಆರ್‌ಐ ಇಲ್ಲ, ಆದರೆ ‘ನಾಡಿದ್ದು ಬನ್ನಿ’ ಅನ್ನುವ ಮಾತಿದೆ. ಅದೂ ಒಂದು ಪರೀಕ್ಷೆಯೇ. ಎಷ್ಟೋ ಸಲ ರಕ್ತ ಪರೀಕ್ಷೆ ಹೇಳದ್ದನ್ನು ಎರಡು ದಿನ ಹೇಳುತ್ತದೆ. ಆದ್ದರಿಂದ ಎಲೆಕ್ಟಿವ್ ಜಾಗ ಆರಿಸುವಾಗ ಬೋರ್ಡಿನ ಮೇಲಿನ ಹೆಸರು ನೋಡಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಎರಡು ವಾರದಲ್ಲಿ ಒಬ್ಬ ರೋಗಿಯನ್ನು ನಾನು ಎರಡು ಸಲ ನೋಡುತ್ತೇನಾ?

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗಬಾರದೆಂದು ಚೂರು ಬದಲಿಸಿದ್ದೇನೆ.

ಶ್ರಾವಣದ ದಿನಗಳು. ಒಬ್ಬ ವಿದ್ಯಾರ್ಥಿ ಬಂದಿದ್ದ. ಬುಧವಾರ ಒಬ್ಬ ಅಜ್ಜಿ ಬಂದರು, ಅರವತ್ತರ ಹತ್ತಿರ. ‘ಯಪ್ಪಾ, ಅಶಕ್ತಿ. ಒಂದ್ ಸಲಾಯಿನ್ ಹಚ್ಚು’ ಎಂದರು. ಹುಡುಗ ಚೆನ್ನಾಗಿಯೇ ಪರೀಕ್ಷೆ ಮಾಡಿದ. ಬಿಪಿ ಸರಿ. ಕಣ್ಣು ಸ್ವಲ್ಪ ಬಿಳಿಚಿದ್ದವು. ಶುಗರ್ 140. ಶುಗರಿಗೆ ಏನು ತಗೋತೀರಿ ಎಂದು ಕೇಳಿದ. ‘ಗುಳಗಿ.’ ಯಾವುದು? ‘ಬಿಳೀದು.’ ಅವನು ನನ್ನ ಮುಖ ನೋಡಿದ. ರಕ್ತಹೀನತೆ ಅಂತ ಬರೆಯಲಾ ಸರ್ ಎಂದ. ಬರಿ, ಆದರೆ ಅಲ್ಲಿಗೇ ನಿಲ್ಲಿಸಬೇಡ ಎಂದೆ. ಯಾವತ್ತು ಜಾಸ್ತಿ ಆಗುತ್ತೆ ಕೇಳು ಎಂದೆ. ಕೇಳಿದ. ಅಜ್ಜಿ ಯೋಚಿಸಿ ‘ಸೋಮಾರ’ ಎಂದರು. ಹಿಮೋಗ್ಲೋಬಿನ್ನಿಗೆ ರಕ್ತ ತೆಗೆದೆವು. ಸಲಾಯಿನ್ ಹಚ್ಚಲಿಲ್ಲ. ಉಪವಾಸ ಇದ್ದ ದಿನ ಶುಗರಿನ ಗುಳಿಗೆ ತಗೋಬೇಡಿ, ಮನೆಯಲ್ಲಿರುವ ಗುಳಿಗೆಯೆಲ್ಲ ಕಟ್ಟಿಕೊಂಡು ನಾಳೆಯೇ ಬನ್ನಿ ಎಂದು ಕಳಿಸಿದೆವು. ಅಜ್ಜಿಗೆ ಸಿಟ್ಟು ಬಂದದ್ದು ಕಾಣುತ್ತಿತ್ತು. ಸಲಾಯಿನ್ ಇಲ್ಲ ಅಂದರೆ ಇದೆಂಥ ದವಾಖಾನೆ!

ನಾಳೆ ಬರಲಿಲ್ಲ. ಮುಂದಿನ ಸೋಮವಾರ ಮಧ್ಯಾಹ್ನ ಮೊಮ್ಮಗನ ಬೈಕಿನಲ್ಲಿ ಬಂದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಗ್ಲೂಕೋಮೀಟರ್ 58 ತೋರಿಸಿತು. ಗ್ಲೂಕೋಸ್ ನೀರು ಕುಡಿಸಿ ಮಲಗಿಸಿದೆವು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದೆವು, ಏರಿತ್ತು. ಆಮೇಲೆ ಹುಡುಗ ಅವರ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದ. ಅರ್ಧ ಖಾಲಿಯಾದ ಸ್ಟ್ರಿಪ್‌ಗಳು, ಕಣ್ಣಿನ ಡ್ರಾಪ್ಸ್, ಒಂದು ಮುಲಾಮು, ಭಂಡಾರದ ಪೊಟ್ಟಣ. ಅವನು ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದತೊಡಗಿದ. ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ನನ್ನನ್ನು ಕರೆದ. ಕಂಪನಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ಒಳಗಿನ ಔಷಧಿ ಒಂದೇ, ಶುಗರ್ ಇಳಿಸುವ ಗ್ಲಿಮೆಪಿರೈಡ್. ಒಂದು ಮೀರಜಿನಲ್ಲಿ ಮಗಳ ಮನೆಗೆ ಹೋದಾಗ ಬರೆಸಿದ್ದು. ಇನ್ನೊಂದು ಇಲ್ಲಿಯದು. ಅಜ್ಜಿ ಯಾರಿಗೂ ಬೇಜಾರಾಗದಿರಲಿ ಅಂತ ಎರಡನ್ನೂ ನುಂಗುತ್ತಿದ್ದರು. ಶ್ರಾವಣ ಸೋಮವಾರ ಉಪವಾಸ. ಬೆಳಗ್ಗೆ ಗುಳಿಗೆ ತಪ್ಪಿಸುವಂತಿಲ್ಲ ಅಂತ ಬರೀ ಹೊಟ್ಟೆಯಲ್ಲಿ ಎರಡೂ. ಸಂಜೆವರೆಗೆ ಊಟ ಇಲ್ಲ. ನಾವು ಹೇಳಿ ಕಳಿಸಿದ್ದು? ‘ಗುಳಗಿ ಬಿಟ್ರ ಸಕ್ರಿ ಏರತೈತಂತ’ ಎಂದರು.

ಈ ಕೇಸನ್ನು ದೊಡ್ಡ ಆಸ್ಪತ್ರೆಯ ವಿದ್ಯಾರ್ಥಿ ನೋಡುತ್ತಿದ್ದರೆ ಎರಡರಲ್ಲಿ ಒಂದು ಆಗುತ್ತಿತ್ತು. ಬುಧವಾರ ನೋಡಿದ್ದರೆ ರಕ್ತಹೀನತೆ. ಸೋಮವಾರ ಕ್ಯಾಶುವಾಲ್ಟಿಯಲ್ಲಿ ನೋಡಿದ್ದರೆ ಹೈಪೋಗ್ಲೈಸೀಮಿಯಾ, ಅಂದರೆ ಶುಗರ್ ತೀರಾ ಇಳಿದದ್ದು. ಎರಡೂ ಸರಿ, ಎರಡೂ ಅರ್ಧ. ನಮ್ಮ ಹುಡುಗ ಎರಡೂ ದಿನ ಅಲ್ಲೇ ಇದ್ದ. ಗುರುವಾರ ಅಜ್ಜಿ ಮೂರನೇ ಸಲ ಬಂದರು, ಈ ಸಲ ಒಂದೇ ಗುಳಿಗೆ ಹಿಡಿದುಕೊಂಡು. ನಾವು ಹೇಳಿದ್ದು ಅವರಿಗೆ ಮೊದಲ ದಿನ ಯಾಕೆ ಮುಟ್ಟಲಿಲ್ಲ ಅನ್ನೋದೂ ಹುಡುಗನಿಗೆ ಪಾಠವಾಯಿತು. ನನಗೂ.

ಹೀಗೆ ಕಲಿಯುವ ಇನ್ನೊಂದೆರಡು ವಿಷಯ ಹೇಳಿಬಿಡುತ್ತೇನೆ. ‘ಕಡಿಮೆ ಆಗದಿದ್ದರೆ ಬನ್ನಿ’ ಅಂತ ಎಲ್ಲ ಡಾಕ್ಟರೂ ಹೇಳುತ್ತಾರೆ. ಅದರಿಂದ ಪ್ರಯೋಜನ ಇಲ್ಲ. ಏನಾದರೆ ಬರಬೇಕು, ಯಾವಾಗ ಬರಬೇಕು ಅಂತ ಬಿಡಿಸಿ ಹೇಳಬೇಕು. ಡೆಂಗಿ ಜ್ವರದಲ್ಲಿ ಅಪಾಯ ಬರುವುದು ಜ್ವರ ಇಳಿಯುವ ಹೊತ್ತಿಗೆ. ಮನೆಯವರು ‘ಜ್ವರ ಬಿಡ್ತು’ ಅಂತ ಸಮಾಧಾನ ಪಡುವ ದಿನವೇ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಾಣಬಹುದು. ಇದನ್ನು ತಾಯಿಗೆ ಅವಳ ಮಾತಿನಲ್ಲಿ ಹೇಳಿ, ಅವಳ ಬಾಯಿಂದ ಮತ್ತೆ ಹೇಳಿಸಿ ನೋಡಿ. ಪರೀಕ್ಷೆಯಲ್ಲಿ ಬರೆಯುವುದಕ್ಕಿಂತ ಕಷ್ಟ ಇದೆ. ಹಾಗೇ ಬೇಧಿಯಾದ ಮಗುವಿಗೆ ಸಲಾಯಿನ್ ಬೇಡ, ಓಆರ್‌ಎಸ್ ಮತ್ತು 14 ದಿನ ಜಿಂಕ್ ಸಾಕು ಅಂತ ಅಜ್ಜಿಯನ್ನು ಒಪ್ಪಿಸುವುದು. ಅಜ್ಜಿ ಒಪ್ಪಿದರೆ ಮನೆ ಒಪ್ಪಿದ ಹಾಗೆ.

ಈಗ ಪಿಜಿ ವಿಷಯ. ನೀಟ್ ಪಿಜಿ ನಿಮಗೆ ಇನ್ನೂ ಎರಡು ವರ್ಷದಷ್ಟು ದೂರ ಇದೆ. ಪಾರ್ಟ್ ಟೂ ಇದೆ, ಇಂಟರ್ನ್‌ಶಿಪ್ ಇದೆ. ಎರಡು ವಾರ ಹಗಲು ಕ್ಲಿನಿಕ್ಕಿನಲ್ಲಿ ಕೂತರೆ ರ‍್ಯಾಂಕ್ ಹೋಗುವುದಿಲ್ಲ. ಹಾಗಂತ ಬರುವುದೂ ಇಲ್ಲ, ಸುಮ್ನೆ ಆಸೆ ತೋರಿಸುವುದಿಲ್ಲ. ಸೀಟು ಹಂಚುವಾಗ ನಿಮ್ಮ ಎಲೆಕ್ಟಿವ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಕಾರ್ಡಿಯಾಲಜಿಯಲ್ಲಿ ಕೂತ ನಿಮ್ಮ ಗೆಳೆಯನನ್ನೂ ಕೇಳುವುದಿಲ್ಲ.

ಅಪ್ಪನಿಗೆ ಏನು ಹೇಳುವುದು? ಅವರ ಮಾತಿನ ಹಿಂದೆ ಒಂದು ಗೊಂದಲ ಇದೆ, ಅದು ಬಹಳ ಜನರಿಗೆ ಇದೆ. ಫ್ಯಾಮಿಲಿ ಮೆಡಿಸಿನ್ ಅಂದರೆ ಪಿಜಿ ಸೀಟು ಸಿಗದವರು ಮಾಡುವ ಪ್ರಾಕ್ಟೀಸ್ ಅಂತ. ಹಾಗಲ್ಲ. ಅದೇ ಒಂದು ಪಿಜಿ. ಎಂಬಿಬಿಎಸ್ ಆದಮೇಲೆ ಮೂರು ವರ್ಷದ ಡಿಎನ್‌ಬಿ ಇದೆ. ಎಂಡಿ ಇದೆ, ಆದರೆ ದೇಶದಲ್ಲಿ ಕೆಲವೇ ಕಡೆ. ಎರಡು ವರ್ಷದ ಡಿಪ್ಲೊಮಾ ಇದೆ. ಭಾರತದ ಫ್ಯಾಮಿಲಿ ಫಿಜಿಷಿಯನ್ನರದ್ದೇ ಅಕಾಡೆಮಿ 2010ರಿಂದ ಇದೆ. ಇಂಗ್ಲೆಂಡಿನಲ್ಲಂತೂ ಎಂಬಿಬಿಎಸ್ ಮುಗಿಸಿದ ಮಾತ್ರಕ್ಕೆ ಜಿಪಿ (ಅಲ್ಲಿಯ ಕುಟುಂಬ ವೈದ್ಯ) ಆಗಲು ಬಿಡುವುದಿಲ್ಲ, ಅದಕ್ಕೆಂದೇ ವರ್ಷಗಟ್ಟಲೆ ತರಬೇತಿ ಬೇಕು. ಆದರೆ ಅಪ್ಪನ ಮಾತಿನಲ್ಲಿ ಒಂದು ನಿಜವೂ ಇದೆ, ಅದನ್ನು ತಳ್ಳಿಹಾಕಬೇಡಿ. ನಮ್ಮ ಜಿಲ್ಲೆಗಳಲ್ಲಿ ಈ ಕಸುಬಿಗೆ ಸ್ಪೆಷಲಿಸ್ಟ್‌ನಷ್ಟು ದುಡ್ಡಿಲ್ಲ, ಅಷ್ಟು ಮರ್ಯಾದೆಯೂ ಇಲ್ಲ. ‘ಎಂಡಿ ಏನ್ರಿ?’ ಅಂತ ಇವತ್ತಿಗೂ ನನ್ನನ್ನು ಕೇಳುತ್ತಾರೆ. ಡಿಎನ್‌ಬಿ ಅಂದರೆ ಅದೇನು ಅಂತ ಇನ್ನೊಂದು ಪ್ರಶ್ನೆ. ಅಪ್ಪನಿಗೆ ಇಷ್ಟು ಹೇಳಿ: ನಾನು ಜೀವನಪೂರ್ತಿ ಇದನ್ನೇ ಮಾಡ್ತೀನಿ ಅಂತ ಬರೆದುಕೊಡುತ್ತಿಲ್ಲ, ಎರಡು ವಾರ ನೋಡಿ ಬರ್ತೀನಿ. ಸರ್ಜನ್ ಆದರೂ ಇದು ಕೈಬಿಡೋದಿಲ್ಲ. ಇನ್ನೂ ಒಂದು ಹೇಳಿ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ಇದೆ, 2012ರದ್ದು, ಜಾರಿಗೆ ಬಂದದ್ದು 2015ರಲ್ಲಿ. ಈಗ ಅದು ಖಾಲಿ ಹುದ್ದೆ ನೋಡಿಕೊಂಡು ಬರುತ್ತದೆ. ಬಂದರೆ ಒಂದು ದಿನ ನೀವು ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಕೂತಿರುತ್ತೀರಿ. ಆಗ ಎದುರಿಗೆ ಬರುವವರು ‘ಜೀವಾ ಒಂಥರಾ’ ಅನ್ನುವವರೇ.

ಹೋಗೋದು ಎಲ್ಲಿಗೆ? ನಿಮ್ಮ ಮುಂದೆ ಮೂರು ದಾರಿ ಕಾಣುತ್ತವೆ.

ಸುಲಭದ್ದು ಕಾಲೇಜಿನ ಕಮ್ಯೂನಿಟಿ ಮೆಡಿಸಿನ್ ವಿಭಾಗದ ಆರೋಗ್ಯ ಕೇಂದ್ರ. ಪ್ರತಿ ವೈದ್ಯಕೀಯ ಕಾಲೇಜಿಗೂ ಹಳ್ಳಿಯಲ್ಲೊಂದು, ಪಟ್ಟಣದಲ್ಲೊಂದು ತರಬೇತಿ ಕೇಂದ್ರ ಇರುತ್ತದೆ. ಒಪ್ಪಿಗೆ ಬೇಗ ಸಿಗುತ್ತದೆ, ಸಹಿಯ ತಲೆನೋವಿಲ್ಲ. ಅಪಾಯ ಏನೆಂದರೆ ಅಲ್ಲಿ ನಿಮ್ಮನ್ನು ರಿಜಿಸ್ಟರ್ ತುಂಬಲು, ಸಮೀಕ್ಷೆಗೆ ಕಳಿಸಲು ಬಳಸಿಕೊಳ್ಳಬಹುದು. ಅದೂ ಕೆಲಸವೇ, ಆದರೆ ನಿಮಗೆ ಬೇಕಾದ ಕೆಲಸ ಅಲ್ಲ. ಒಪಿಡಿಯಲ್ಲಿ ಅದೇ ಡಾಕ್ಟರ ಜೊತೆ ದಿನಾ ಕೂರಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ದಿನಕ್ಕೊಬ್ಬ ಇಂಟರ್ನ್ ಒಪಿಡಿ ನೋಡುವ ಕಡೆ ತಿರುಗಿ ಬಂದ ರೋಗಿಯನ್ನು ಗುರುತಿಸುವವರೇ ಇರುವುದಿಲ್ಲ. ನಿಮಗೆ ಕುಟುಂಬ ದತ್ತು ಕಾರ್ಯಕ್ರಮದಲ್ಲಿ (ವಿದ್ಯಾರ್ಥಿಗಳು ಹಳ್ಳಿಯ ಕೆಲವು ಮನೆಗಳ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮ) ಕೊಟ್ಟ ಮನೆಗಳು ಅದೇ ಕೇಂದ್ರದ ಹಳ್ಳಿಯಲ್ಲಿದ್ದರೆ ಇದೇ ಒಳ್ಳೆಯ ಆಯ್ಕೆ, ಬೇರೆ ಹುಡುಕಬೇಡಿ. ಆ ಮನೆಯವರು ಒಪಿಡಿಗೆ ಬಂದಾಗ ನೀವು ಎದುರಿಗಿರುತ್ತೀರಿ. ಅಡುಗೆಮನೆ ನೋಡಿ ಬಂದವನಿಗೆ ರೋಗಿ ಬೇರೆಯೇ ಥರ ಕಾಣುತ್ತಾನೆ.

ಎರಡನೆಯದು ಹೊರಗಿನ ದೊಡ್ಡ ಸಂಸ್ಥೆ. ವೆಲ್ಲೂರಿನ ಸಿಎಂಸಿಯಂಥ ಕಡೆ ಫ್ಯಾಮಿಲಿ ಮೆಡಿಸಿನ್ ವಿಭಾಗವೇ ಇದೆ. ಕಲಿಸುವುದನ್ನೇ ಕೆಲಸ ಮಾಡಿಕೊಂಡವರಿಂದ ಕಲಿಯಬಹುದು. ಆದರೆ ಅರ್ಜಿ, ಎರಡೂ ಕಡೆಯ ಒಪ್ಪಿಗೆ, ಖರ್ಚು ಎಲ್ಲ ಇದೆ. ಜೊತೆಗೆ ಭಾಷೆ. ರೋಗಿಯ ಮಾತು ಅರ್ಥವಾಗದಿದ್ದರೆ ಈ ಶಾಸ್ತ್ರದ ಮುಕ್ಕಾಲು ಪಾಲು ಹೋಯಿತು. ಎರಡೇ ವಾರಕ್ಕೆ ನಾನಾದರೆ ಹೋಗುವುದಿಲ್ಲ. ಇಂಟರ್ನ್‌ಶಿಪ್ ಮುಗಿದಮೇಲೆ ಹೋಗಿ ನೋಡಿ ಬನ್ನಿ.

ಮೂರನೆಯದು ನಿಮ್ಮ ಊರಿನ ಡಾಕ್ಟರು. ನಿಮ್ಮ ಮನಸ್ಸು ಅಲ್ಲೇ ಇದೆ ಅಂತ ಗೊತ್ತು. ಕಲಿಯೋದು ಅಲ್ಲೇ ಜಾಸ್ತಿ, ಗುಂಡಿಗಳೂ ಅಲ್ಲೇ ಜಾಸ್ತಿ. ಕಾಲೇಜು ಖಾಸಗಿ ಕ್ಲಿನಿಕ್ಕಿಗೆ ಒಪ್ಪದೇ ಇರಬಹುದು. ಒಪ್ಪಿಸಲು ಒಂದು ದಾರಿ ಇದೆ: ಕಮ್ಯೂನಿಟಿ ಮೆಡಿಸಿನ್ ಅಥವಾ ಜನರಲ್ ಮೆಡಿಸಿನ್‌ನ ಅಧ್ಯಾಪಕರೊಬ್ಬರನ್ನು ಮೇಲ್ವಿಚಾರಕರಾಗಿರಲು ಕೇಳಿ, ಊರಿನ ಡಾಕ್ಟರು ಸಹ-ಮೇಲ್ವಿಚಾರಕರಾಗಲಿ. ಆ ಡಾಕ್ಟರು ಎಂಬಿಬಿಎಸ್ ಆಗಿರಬೇಕು, ರಾಜ್ಯ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಇರಬೇಕು, ಕ್ಲಿನಿಕ್ಕಿಗೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ರಾಜ್ಯ ಕಾಯ್ದೆ) ನೋಂದಣಿ ಇರಬೇಕು. ಇದನ್ನು ಕೇಳಲು ಸಂಕೋಚ ಬೇಡ. ನಮ್ಮ ಕಡೆ ‘ಡಾಕ್ಟರ್’ ಅನ್ನುವ ಬೋರ್ಡಿನ ಕೆಳಗೆ ಯಾರು ಯಾರು ಕೂತಿರುತ್ತಾರೆ ಅಂತ ನಿಮಗೂ ಗೊತ್ತಲ್ಲ.

ಇನ್ನೊಂದು ನೋಡಿ. ಒಂದು ದಿನ ಸುಮ್ನೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತುಕೊಳ್ಳಿ. ಬಂದವರಿಗೆಲ್ಲ ಇಂಜೆಕ್ಷನ್, ಮೂವರಲ್ಲಿ ಒಬ್ಬರಿಗೆ ಸಲಾಯಿನ್, ಮೊಣಕಾಲು ನೋವಿಗೆಲ್ಲ ಸ್ಟೆರಾಯ್ಡ್ ಅನ್ನೋ ಕಡೆ ಆದರೆ ಮನೆಗೆ ವಾಪಸ್ ಬನ್ನಿ. ಕೆಟ್ಟ ಅಭ್ಯಾಸ ಎರಡು ವಾರದಲ್ಲಿ ಕಲಿಯಬಹುದು, ಬಿಡೋಕೆ ಹತ್ತು ವರ್ಷ ಬೇಕು. ಹಾಗಂತ ಒಂದು ಇಂಜೆಕ್ಷನ್ ಕಂಡ ತಕ್ಷಣ ತೀರ್ಪು ಕೊಡಬೇಡಿ. ಸೂಜಿ ಬೇಡ ಅಂದರೆ ಪಕ್ಕದ ಓಣಿಗೆ ಹೋಗಿ ಚುಚ್ಚಿಸಿಕೊಂಡು ಬರುವ ರೋಗಿಯ ಜೊತೆ ಆ ಡಾಕ್ಟರು ಎಷ್ಟು ವರ್ಷದಿಂದ ಗುದ್ದಾಡುತ್ತಿದ್ದಾರೋ. ಕೇಳಿ ತಿಳಿದುಕೊಳ್ಳಿ. ಒಳ್ಳೆಯ ಡಾಕ್ಟರಾದರೆ ಯಾಕೆ ಕೊಟ್ಟೆ, ಯಾಕೆ ಕೊಡಲಿಲ್ಲ ಅಂತ ಹೇಳುತ್ತಾರೆ. ಕೇಳಿದ್ದಕ್ಕೇ ಸಿಟ್ಟಾದರೆ ಅದೂ ಒಂದು ಉತ್ತರ.

ಸ್ವಂತ ಊರು ಅನ್ನೋದು ಬೇರೆಯೇ ಗುಂಡಿ. ಮೂರನೇ ದಿನಕ್ಕೆ ಚಿಕ್ಕಪ್ಪ ಮನೆಗೆ ಬಂದು ‘ಒಂದ್ ಚೀಟಿ ಬರಕೊಡೋ, ಅಲ್ಲಿ ಪಾಳಿ ಹಚ್ಚೋದ್ ಯಾರು?’ ಅನ್ನುತ್ತಾರೆ. ಕೊಡಬೇಡಿ. ನಿಮಗೆ ಇನ್ನೂ ನೋಂದಣಿ ಇಲ್ಲ, ಬರೆಯುವ ಅಧಿಕಾರ ಇಲ್ಲ. ಬರೆದು ಹೆಚ್ಚುಕಡಿಮೆ ಆದರೆ ಸಿಕ್ಕಿಹಾಕಿಕೊಳ್ಳುವವರು ನೀವು ಮತ್ತು ಆ ಡಾಕ್ಟರು. ಅದಕ್ಕಿಂತ ಸೂಕ್ಷ್ಮದ್ದು ಗುಟ್ಟು. ಗೆಳೆಯನ ಅಕ್ಕ ಯಾಕೆ ಬಂದಿದ್ದಳು, ಪಕ್ಕದ ಮನೆಯವನಿಗೆ ಟಿಬಿ ಅಂತೆ ಹೌದಾ ಅಂತ ನಿಮ್ಮ ಅವ್ವನೇ ಕೇಳಬಹುದು. ಅವ್ವನಿಗೂ ಹೇಳುವಂತಿಲ್ಲ. ಇದು ಕಷ್ಟ ಅನ್ನಿಸಿದರೆ ನಿಮ್ಮ ಊರು ಬಿಟ್ಟು ಜಮಖಂಡಿಯೋ ಮುಧೋಳವೋ, ಗುರುತಿಲ್ಲದ ಕಡೆ ಇದೇ ಥರದ ಡಾಕ್ಟರನ್ನು ಹುಡುಕಿ. ನನ್ನನ್ನು ಕೇಳಿದರೆ ಅದೇ ಒಳ್ಳೇದು.

ತಯಾರಿ ಏನು ಅಂತ ಕೇಳಿದ್ದಿರಿ. ದಪ್ಪ ಪುಸ್ತಕ ಬೇಡ. ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್. ಎಡಗಡೆ ಪುಟದಲ್ಲಿ ಮೊದಲ ದಿನ ರೋಗಿ ಹೇಳಿದ್ದು, ಅವರದೇ ಮಾತಿನಲ್ಲಿ, ನೀವು ಅಂದುಕೊಂಡದ್ದು. ಬಲಗಡೆ ಪುಟ ಖಾಲಿ ಬಿಡಿ. ಅವರು ತಿರುಗಿ ಬಂದ ದಿನ ಬರೆಯಲು. ರೋಗಿಯ ಹೆಸರು ಬರೆಯಬೇಡಿ, ನಂಬರ್ ಹಾಕಿ. ಎರಡು ವಾರ ಮುಗಿದಾಗ ಬಲಗಡೆ ಹತ್ತು ಪುಟ ತುಂಬಿದ್ದರೆ ನಿಮ್ಮ ಲಾಗ್‌ಬುಕ್ ತಾನಾಗಿಯೇ ಆಯಿತು. ಖಾಲಿ ಉಳಿದ ಪುಟಗಳನ್ನೂ ಡಾಕ್ಟರ ಮುಂದಿಡಿ. ಇವರು ಯಾಕೆ ಬರಲಿಲ್ಲ ಸರ್ ಅಂತ ಕೇಳಿ. ವಾಸಿಯಾಯಿತೋ, ಸೊಲ್ಲಾಪುರಕ್ಕೆ ಹೋದರೋ, ದುಡಿಯಲು ಗೋವಾಕ್ಕೆ ಹೋದರೋ, ದುಡ್ಡಿಲ್ಲದೆ ಮನೆಯಲ್ಲೇ ಇದ್ದಾರೋ. ಅವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಕಾಂಪೌಂಡರಿಗೆ ಖಂಡಿತ ಗೊತ್ತಿರುತ್ತದೆ.

ಮೊದಲ ದಿನವೇ ಡಾಕ್ಟರ ಹತ್ತಿರ ಒಂದು ಒಪ್ಪಂದ ಮಾಡಿಕೊಳ್ಳಿ. ದಿನಕ್ಕೆ ಐದು ರೋಗಿಗಳನ್ನು ಮೊದಲು ನಾನು ಮಾತಾಡಿಸುತ್ತೇನೆ, ಆಮೇಲೆ ನೀವು ನೋಡಿ, ರೋಗಿ ಒಪ್ಪಿದರೆ ಮಾತ್ರ. ಐದೇ ಸಾಕು. ಐವತ್ತು ಜನರನ್ನು ಹಿಂದೆ ನಿಂತು ನೋಡುವುದರಲ್ಲಿ ಏನೂ ಇಲ್ಲ, ನನ್ನ ಹತ್ತಿರ ಮೊಬೈಲ್ ಹಿಡಿದು ಕೂತ ಆ ಇಬ್ಬರಿಗೆ ನಾನು ಮಾಡಿದ ತಪ್ಪೂ ಅದೇ. ಪಾಪ, ಅವರಿಗೆ ಮಾಡಲು ಏನೂ ಕೊಟ್ಟಿರಲಿಲ್ಲ.

ಶುರು ಮಾಡುವ ದಿನ ಸಂತೆಯ ದಿನ ಆಗದಂತೆ ನೋಡಿಕೊಳ್ಳಿ. ಸಂತೆಗೆ ಬಂದವರೆಲ್ಲ ಚೀಲ ಹಿಡಿದುಕೊಂಡು ಹಾಗೇ ದವಾಖಾನೆಗೂ ಬಂದು ಹೋಗುತ್ತಾರೆ. ಅವತ್ತು ಡಾಕ್ಟರಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತಿರುವುದಿಲ್ಲ, ನಿಮಗೆ ಕೂರಲು ಕುರ್ಚಿಯೂ ಸಿಗುವುದಿಲ್ಲ.